ಕೊನೆಯ 36 ಸೆಕ್ಟರ್: ಒಂದು ಬೂಟ್ ಸಿಡಿ ಕಾಪಿ ಮಾಡಿದ ಕಥೆ

ಅಂತೂ ಹಳೆಯ ಡಯಾಗ್ನೋಸ್ಟಿಕ್ ಸಿಡಿಯ (ಕಂಪ್ಯೂಟರ್ ಪರೀಕ್ಷಿಸುವ ಸಿಡಿ) ಪ್ರತಿ ಬೂಟ್ ಆಯಿತು, ಅಂದರೆ ಕಂಪ್ಯೂಟರ್ ಅದರಿಂದಲೇ ಶುರುವಾಯಿತು. ಇಮೇಜ್ (ಇಡೀ ಡಿಸ್ಕಿನ ತದ್ರೂಪಿ ಫೈಲ್) ತೆಗೆಯುವುದು, ಅದನ್ನು ಖಾಲಿ ಸಿಡಿಗೆ ಬರ್ನ್ ಮಾಡುವುದು, ಎರಡೇ ಕಮ್ಯಾಂಡ್, ಊಟದ ಹೊತ್ತಿಗೆ ಮುಗಿಯುತ್ತದೆ ಅಂತ ಕೂತವನ ವಾರಾಂತ್ಯ ಪೂರ್ತಿ ಇದಕ್ಕೇ ಹೋಯಿತು. ಕಾಡಿದ್ದು ಡಿಸ್ಕಿನ ತುದಿಯಲ್ಲಿದ್ದ 36 ಸೆಕ್ಟರ್ (ಸಿಡಿಯಲ್ಲಿ ಒಂದೊಂದೂ 2048 ಬೈಟ್‌ನ ತುಂಡು). ಉಳಿದ ಒಂದು ಲಕ್ಷಕ್ಕೂ ಜಾಸ್ತಿ ಸೆಕ್ಟರ್‌ಗಳ ಮೇಲೆ ನನಗೆ ಏನೂ ದೂರಿಲ್ಲ.

ಇದು ಯಾರೋ ಯಾವತ್ತೋ ಬರ್ನ್ ಮಾಡಿಟ್ಟ ಸಿಡಿ-ಆರ್. ಅದರ ಡೈ (ಡೇಟಾ ಬರೆದಿರುವ ಬಣ್ಣದ ಪದರ) ಕೈಕೊಡುವ ಮೊದಲೇ ಇಮೇಜ್ ತೆಗೆದಿಡೋಣ ಅಂತ ಹೊರಟೆ. ಬೂಟ್ ಆಗುವ ರೀತಿ ಹಳೇ ಕಾಲದ್ದು, ಫ್ಲಾಪಿ ಎಮ್ಯುಲೇಷನ್. ಸಿಡಿಯಿಂದ ಬೂಟ್ ಮಾಡುವ ನಿಯಮ ಹೇಳುವ 1995ರ ಎಲ್ ಟೊರಿಟೊ ಸ್ಪೆಕ್‌ನಲ್ಲಿ ಇರುವಂಥದ್ದೇ: ಸಿಡಿಯೊಳಗೆ 1.44 ಎಂಬಿಯ ಫ್ಲಾಪಿ ಇಮೇಜ್ ಇರುತ್ತದೆ, ಬಯೋಸ್ (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಅದನ್ನೇ ಎ ಡ್ರೈವ್, ಅಂದರೆ ಫ್ಲಾಪಿ ಡ್ರೈವ್ ಅಂತ ತೋರಿಸಿ ಹಳೇ ಆಪರೇಟಿಂಗ್ ಸಿಸ್ಟಂ ಡಾಸ್‌ಗೆ ಟೋಪಿ ಹಾಕುತ್ತದೆ. ಬರೀ ಫೈಲ್‌ಗಳನ್ನು ಎಳೆದು ಹಾಕಿದರೆ ಬೂಟ್ ಆಗಲ್ಲ ಅನ್ನೋದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡೋಣ.

ಮೊದಲ ಸಲ ಡಿಡಿ (ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುವ ಲಿನಕ್ಸ್ ಕಮ್ಯಾಂಡ್) ಓಡಿಸಿದಾಗ ಕೊನೆಯಲ್ಲಿ ಇನ್‌ಪುಟ್/ಔಟ್‌ಪುಟ್ ಎರರ್ ಬಂತು. ಇದು ಮಾಮೂಲಿ. ಟ್ರ್ಯಾಕ್-ಅಟ್-ಒನ್ಸ್ (ಟ್ರ್ಯಾಕ್ ಒಂದೊಂದಾಗಿ ಬರೆಯುವ) ವಿಧಾನದಲ್ಲಿ ಬರ್ನ್ ಮಾಡಿದ ಸಿಡಿಯ ಕೊನೆಗೆ ಎರಡು ರನ್-ಔಟ್ ಸೆಕ್ಟರ್ ಉಳಿದಿರುತ್ತವೆ. ಅವನ್ನು ಓದೋಕೆ ಆಗಲ್ಲ. ಆದರೆ ಅಳತೆ ಕೇಳಿದರೆ ಡ್ರೈವ್ ಅವನ್ನೂ ಸೇರಿಸಿಯೇ ಹೇಳುತ್ತದೆ. ಹಾಗಾಗಿ "ಆ ಎರರ್‌ಗೆ ತಲೆ ಕೆಡಿಸ್ಕೋಬೇಡಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಖಾತ್ರಿ ಇರಲಿ ಅಂತ ಮತ್ತೆ ಓಡಿಸಿದೆ. ಈ ಸಲ ಎರರ್ರೇ ಇಲ್ಲ! ಎರಡೂ ಫೈಲ್‌ಗಳ ಶಾ256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಅಕ್ಷರಕ್ಕೆ ಅಕ್ಷರ ಒಂದೇ. ಮೌಂಟ್ ಮಾಡಿದರೆ (ಡಿಸ್ಕಿನ ಹಾಗೆ ತೆರೆದರೆ) ಫೈಲ್‌ಗಳೆಲ್ಲ ಕಾಣುತ್ತವೆ. ಇನ್ನೇನು ಬೇಕು?

ಬರ್ನ್ ಮಾಡುವ ಮೊದಲು ಕ್ಯೂಎಮುನಲ್ಲಿ (ಸಾಫ್ಟ್‌ವೇರ್‌ನಲ್ಲೇ ನಡೆಯುವ ನಕಲಿ ಕಂಪ್ಯೂಟರ್) ಬೂಟ್ ಮಾಡಿ ನೋಡಿದೆ. ಡಾಸ್ ಶುರುವಾಯಿತು, ಮೆಮೊರಿ ಡ್ರೈವರ್ ಲೋಡ್ ಆಯಿತು, ಸಿಡಿ ಡ್ರೈವರ್ ಹತ್ತಿರ ಬಂದು ನಿಂತಿತು. ಎ ಡ್ರೈವ್ ಓದೋಕೆ ಆಗ್ತಿಲ್ಲ, ಅಬಾರ್ಟ್, ರಿಟ್ರೈ, ಫೇಲ್? ಈ ಮೂರರಲ್ಲಿ ಯಾವುದನ್ನು ಒತ್ತಿ ಯಾರು ಉದ್ಧಾರ ಆಗಿದ್ದಾರೋ ನಾ ಕಾಣೆ. ಮೂಲ ಸಿಡಿ ಮಾತ್ರ ಹಳೇ ಮೆಷಿನ್‌ನಲ್ಲಿ ಸಲೀಸಾಗಿ ಬೂಟ್ ಆಗುತ್ತಿತ್ತು.

ಬೂಟ್ ಶುರುವೇ ಆಗದಿದ್ದರೆ ಹುಡುಕುವುದು ಸುಲಭ. ಅರ್ಧಕ್ಕೆ ಬಂದು ನಿಲ್ಲುವುದು ಬೇರೆಯದೇ ತಲೆನೋವು. ಹಾಗಾಗಿ ಎಕ್ಸ್‌ಎಕ್ಸ್‌ಡಿ (ಫೈಲಿನ ಬೈಟ್‌ಗಳನ್ನು ತೋರಿಸುವ ಟೂಲ್) ಹಿಡಿದು ಕೂತೆ. 17ನೇ ಸೆಕ್ಟರ್‌ನಲ್ಲಿ ಬೂಟ್ ರೆಕಾರ್ಡ್ ಸರಿಯಾಗಿಯೇ ಇದೆ. ಅದರ ಆಫ್‌ಸೆಟ್ 71ರಿಂದ ನಾಲ್ಕು ಬೈಟ್ ಓದಿದರೆ ಬೂಟ್ ಕ್ಯಾಟಲಾಗ್‌ನ (ಬೂಟ್ ಇಮೇಜ್ ಎಲ್ಲಿದೆ ಅಂತ ಹೇಳುವ ಪಟ್ಟಿ) ಜಾಗ ಸಿಗುತ್ತದೆ. ಅಲ್ಲಿಗೆ ಹೋದರೆ ಮೊದಲ 32 ಬೈಟ್‌ನ ಕೊನೆಗೆ 55 ಎಎ (ಪಟ್ಟಿ ಸರಿಯಿದೆ ಅನ್ನುವ ಗುರುತು), ಮುಂದಿನ ಸಾಲಲ್ಲಿ 88 02. 88 ಅಂದರೆ ಬೂಟ್ ಆಗುತ್ತದೆ, 02 ಅಂದರೆ 1.44 ಫ್ಲಾಪಿ. ಫ್ಲಾಪಿ ಇಮೇಜ್ ಶುರುವಾಗುವುದು ಸೆಕ್ಟರ್ 115156ರಲ್ಲಿ. 1474560 ಬೈಟ್‌ನ ಫ್ಲಾಪಿ ಸಿಡಿಯ ಲೆಕ್ಕದಲ್ಲಿ ಸರಿಯಾಗಿ 720 ಸೆಕ್ಟರ್. ಕೂಡಿದರೆ 115876.

ಐಎಸ್ಒಇನ್ಫೋ (ಸಿಡಿ ಇಮೇಜಿನ ವಿವರ ತೋರಿಸುವ ಟೂಲ್) ಹೇಳಿದ ವಾಲ್ಯೂಮ್ ಸೈಜ್, ಅಂದರೆ ಸಿಡಿಯ ಒಟ್ಟು ಸೆಕ್ಟರ್ ಲೆಕ್ಕ ಕೂಡ 115876. ಅಂದರೆ ಫ್ಲಾಪಿ ಇಮೇಜ್ ಡಿಸ್ಕಿನ ಕಟ್ಟಕಡೆಯ ಫೈಲ್, ಅದರಾಚೆಗೆ ಒಂದು ಸೆಕ್ಟರ್ ಕೂಡ ಪ್ಯಾಡಿಂಗ್ (ಸುಮ್ಮನೆ ತುಂಬಿದ ಖಾಲಿ ಜಾಗ) ಇಲ್ಲ. ಡಿಡಿ ತಂದುಕೊಟ್ಟ ಫೈಲ್ ಎಷ್ಟಿದೆ? 237240320 ಬೈಟ್. 2048ರಿಂದ ಭಾಗಿಸಿದರೆ 115840. ಸಿಕ್ಕಿಬಿತ್ತು! ಫ್ಲಾಪಿಯ ಬಾಲದಲ್ಲಿ 36 ಸೆಕ್ಟರ್, ಅಂದರೆ 72 ಕೆಬಿ ಇಲ್ಲವೇ ಇಲ್ಲ. ಸಿಡಿ ಡ್ರೈವರ್ ಕೂತಿದ್ದದ್ದು ಅಲ್ಲೇ. ಎಲ್ಎಸ್ (ಫೈಲ್ ಪಟ್ಟಿ ತೋರಿಸುವ ಕಮ್ಯಾಂಡ್) ಕೇಳಿದರೆ ಮಾತ್ರ ಫ್ಲಾಪಿ ಫೈಲ್ ಪೂರ್ತಿ 1474560 ಬೈಟ್ ಇದೆ ಅನ್ನುತ್ತದೆ. ಅದು ಡೈರೆಕ್ಟರಿಯಲ್ಲಿ ಬರೆದದ್ದನ್ನು ಓದಿ ಹೇಳುತ್ತದೆ ಅಷ್ಟೇ, ಪಾಪ.

ಓದಲಾಗದ್ದು ಎರಡು ಸೆಕ್ಟರ್, ಹೋಗಿದ್ದು ಅದರ ಮುಂಚಿನ ಒಳ್ಳೆಯ 36 ಕೂಡ. ಯಾಕೆ? ಡಿಮೆಸೇಜ್‌ನಲ್ಲಿ (ಲಿನಕ್ಸ್ ಕರ್ನಲ್‌ನ ಸಂದೇಶಗಳ ಲಾಗ್) ಎರರ್ ಸೆಕ್ಟರ್ 463360 ಅಂತ ಇತ್ತು. ಅದು 512 ಬೈಟ್ ಲೆಕ್ಕ, ನಾಲ್ಕರಿಂದ ಭಾಗಿಸಿದರೆ ಅದೇ 115840. ಲಿನಕ್ಸ್ ಸೆಕ್ಟರ್‌ಗಳನ್ನು ಒಂದೊಂದಾಗಿ ಓದುವುದಿಲ್ಲ, ರೀಡ್‌ಅಹೆಡ್ ಅಂತ 128 ಕೆಬಿಯನ್ನು ಒಟ್ಟಿಗೆ ಕೇಳುತ್ತದೆ. ಆ ಕೊನೆಯ ಕಂತಿನಲ್ಲಿ ರನ್-ಔಟ್ ಎರಡೂ ಸೇರಿಕೊಂಡವು. ನನ್ನ ಡ್ರೈವ್ ಮಹಾಶಯ ಕೆಟ್ಟ ಸೆಕ್ಟರ್ ಯಾವುದು ಅಂತ ಹೇಳದೆ, ಆ ಕಂತು ಶುರುವಾದ ಸೆಕ್ಟರನ್ನೇ ತೋರಿಸಿತು.

ಇನ್ನು ಎರಡನೇ ಸಲ ಎರರ್ ಯಾಕೆ ಬರಲಿಲ್ಲ? ನನಗೆ ತುಂಬಾ ಇಷ್ಟವಾದ ಭಾಗ ಇದು. ಡ್ರೈವ್ ಹೇಳುವ ಅಳತೆ ನಿಜವಾಗಿ ಓದಬಹುದಾದ ಕೊನೆಯ ಬ್ಲಾಕ್‌ಗಿಂತ 75 ಸೆಕ್ಟರ್‌ವರೆಗೆ ಜಾಸ್ತಿ ಇರಬಹುದು ಅಂತ ಎಸ್‌ಸಿಎಸ್‌ಐ (ಕಂಪ್ಯೂಟರ್ ಡ್ರೈವ್ ಜೊತೆ ಮಾತಾಡುವ ಭಾಷೆ) ನಿಯಮವೇ ಬಿಟ್ಟಿದೆ. ಹಾಗಾಗಿ ಕರ್ನಲ್‌ನ ಎಸ್‌ಆರ್ ಡ್ರೈವರ್ (ಸಿಡಿ ಡ್ರೈವ್ ನಡೆಸುವ ಭಾಗ), ಕೊನೆಯ 75 ಸೆಕ್ಟರ್ ಒಳಗೆ ಮೀಡಿಯಂ ಎರರ್ (ಡಿಸ್ಕ್ ಓದಲಾಗದ ದೋಷ) ಬಂದರೆ, "ಓಹೋ, ಡಿಸ್ಕ್ ಇಲ್ಲಿಗೇ ಮುಗೀತು" ಅಂತ ಅಳತೆಯನ್ನೇ ಕತ್ತರಿಸಿಬಿಡುತ್ತದೆ. ಡಿಸ್ಕಿನ ಅಳತೆ ಹೇಳುವ ಬ್ಲಾಕ್‌ಡೆವ್‌ನಲ್ಲಿ ನೋಡಿದೆ. ಸಿಡಿ ಹಾಕಿದ ತಕ್ಷಣ 237318144, ಎರರ್ ಆದಮೇಲೆ 237240320. ಎರಡನೇ ಡಿಡಿ ಆ ಕತ್ತರಿಸಿದ ಗಡಿವರೆಗೆ ಓದಿ, ಕೆಲಸ ಆಯ್ತು ಅಂತ ಕೈತೊಳೆದುಕೊಂಡಿತು. ಎರಡು ಶಾ256 ಹೊಂದಿದ್ದೂ ಅದಕ್ಕೇ. ಎರಡೂ ಒಂದೇ ಜಾಗದಲ್ಲಿ ಮೊಂಡಾಗಿದ್ದವು.

ಇದಕ್ಕೆ "ಡಿಡಿಗೆ ಕಾನ್ವ್=ನೋಎರರ್,ಸಿಂಕ್ ಹಾಕಿ" ಅನ್ನುವವರ ಮೇಲೆ ನನಗೆ ಸಿಟ್ಟು. ಓದಲಾಗದ ಜಾಗಕ್ಕೆ ಅದು ಸೊನ್ನೆ ತುಂಬುತ್ತದೆ. ಬ್ಲಾಕ್ ಸೈಜ್ ದೊಡ್ಡದಿದ್ದರೆ ಒಳ್ಳೆಯ ಸೆಕ್ಟರ್‌ಗಳೂ ಅದರ ಜೊತೆ ಹೋಗಬಹುದು. ಸೈಜ್ ಮಾತ್ರ ನೋಡೋಕೆ ಲಕ್ಷಣವಾಗಿ ಇರುತ್ತದೆ, ಸುಮ್ನೆ ಇನ್ನಷ್ಟು ಅಲೆದಾಟ.

ಪರಿಹಾರ ನೋಡಿದರೆ ನಗು ಬರುತ್ತದೆ. ಸಿಡಿ ಹೊರಗೆ ತೆಗೆದು ಮತ್ತೆ ಹಾಕಿದೆ, ಅಳತೆ ಮೊದಲಿನದಕ್ಕೆ ಬಂತು. ಆಮೇಲೆ ಆ 36 ಸೆಕ್ಟರ್ ಮಾತ್ರ ಓದಿ ಮೊಂಡು ಇಮೇಜಿನ ಬಾಲಕ್ಕೆ ಸೇರಿಸು ಅಂತ ಡಿಡಿಗೆ ಹೇಳಿದೆ: ಬಿಎಸ್=2048, ಸ್ಕಿಪ್=115840, ಸೀಕ್=115840, ಕೌಂಟ್=36, ಐಫ್ಲ್ಯಾಗ್=ಡೈರೆಕ್ಟ್, ಕಾನ್ವ್=ನೋಟ್ರಂಕ್. ಡೈರೆಕ್ಟ್ ಇದ್ದರೆ ರೀಡ್‌ಅಹೆಡ್ ಇಲ್ಲ, ಒಂದು ಸಲಕ್ಕೆ ಒಂದೇ ಸೆಕ್ಟರ್. 36 ಸೆಕ್ಟರೂ ಗೊಣಗದೆ ಬಂದವು. ಇಮೇಜ್ 237314048 ಬೈಟ್ ಆಯಿತು, ಕ್ಯೂಎಮುನಲ್ಲಿ ಮೆನು ಬಂತು. ಡಿಡಿರೆಸ್ಕ್ಯೂಗೆ (ಕೆಟ್ಟ ಡಿಸ್ಕಿನಿಂದ ಡೇಟಾ ತೆಗೆಯುವ ಟೂಲ್) ಮೈನಸ್ ಡಿ, ಅಂದರೆ ಅದೇ ಡೈರೆಕ್ಟ್ ಕೊಟ್ಟಿದ್ದರೂ ಆಗುತ್ತಿತ್ತು ಅನ್ನಿ. ಆದರೆ ತುದಿಗೆ ಮಾತ್ರ ತೇಪೆ ಹಾಕುವ ಮಜಾ ಅದರಲ್ಲಿ ಸಿಗಲ್ಲ.

ಅಂದಹಾಗೆ ಈ ಫ್ಲಾಪಿ ಇಮೇಜನ್ನು ಗೆಟ್‌ಎಲ್‌ಟೊರಿಟೊ ಅನ್ನುವ ಟೂಲ್‌ನಿಂದ ಹೊರತೆಗೆದು, ಸಿಸ್‌ಲಿನಕ್ಸ್ ಬೂಟ್‌ಲೋಡರ್ ಜೊತೆ ಬರುವ ಮೆಮ್‌ಡಿಸ್ಕ್ (ಇಮೇಜನ್ನು ಮೆಮೊರಿಗೆ ಹಾಕಿ ಡಿಸ್ಕಿನ ಹಾಗೆ ತೋರಿಸುವ ಪ್ರೋಗ್ರಾಂ) ಮೂಲಕ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿಸುವ ಆಲೋಚನೆ ತಲೆಯಲ್ಲಿ ಓಡುತ್ತಿದೆ. ಫ್ಲಾಪಿ ಮೆಮೊರಿಯಲ್ಲಿ ಕೂರುವುದೇನೋ ಸರಿ. ಆದರೆ ಒಳಗಿನ ಡಾಸ್ ಮುಂದಿನ ಫೈಲ್‌ಗಳನ್ನು ಸಿಡಿಯಲ್ಲೇ ಹುಡುಕುತ್ತದಲ್ವಾ? ಅವನ್ನು ಎಲ್ಲಿಡುವುದು ಅನ್ನೋದೇ ಮುಂದಿನ ತಕರಾರು. ಅದು ಬೇರೆ ಲಾಗ್.

ಇನ್ನು ಖಾಲಿ ಸಿಡಿಗಳ ಗೋಳು. ಸ್ಪಿಂಡಲ್‌ನಲ್ಲಿ ಮೇಲಿನವು ಕನ್ನಡಿಯ ಹಾಗೆ ಇವೆ, ಕೆಳಗಿನವುಗಳಲ್ಲಿ ಗೀರು, ಅಂಚಿನಲ್ಲಿ ಡೈ ಸರಿಯಾಗಿ ಹರಡಿಲ್ಲ. ಮಾರಿದವರಿಗೆ ಫೋಟೊ ಕಳಿಸಿದರೆ "ಹಾಡು ಬರ್ನ್ ಮಾಡೋಕೆ ಸಾಕು ಸರ್" ಅನ್ನುವ ಉತ್ತರ. ಇವರು ಯಾವ ಕಾಲದಲ್ಲಿದ್ದಾರೋ!

ಬರ್ನ್ ಮಾಡುವಾಗ ವೋಡಿಮ್‌ಗೆ (ಸಿಡಿ ಬರ್ನ್ ಮಾಡುವ ಕಮ್ಯಾಂಡ್) ಮೈನಸ್ ಡಿಎಒ ಕೊಟ್ಟೆ. ಅಂದರೆ ಡಿಸ್ಕ್-ಅಟ್-ಒನ್ಸ್, ಇಡೀ ಡಿಸ್ಕನ್ನು ಒಂದೇ ಉಸಿರಿಗೆ ಬರೆಯುವುದು, ಆದ್ದರಿಂದ ರನ್-ಔಟ್ ಸೆಕ್ಟರ್‌ಗಳ ಕಾಟ ಇಲ್ಲ. ಮುಗಿದಮೇಲೆ ಟ್ರೇ ಹೊರಗೆ ಎಳೆದು ಮತ್ತೆ ತಳ್ಳಿ ಸಿಎಂಪಿ (ಇಮೇಜನ್ನೂ ಸಿಡಿಯನ್ನೂ ಬೈಟಿಗೆ ಬೈಟ್ ಹೋಲಿಸುವ ಕಮ್ಯಾಂಡ್) ಓಡಿಸಿದೆ. ಇಲ್ಲದಿದ್ದರೆ ಕ್ಯಾಶ್‌ನಲ್ಲಿರುವ ಹಳೇದನ್ನೇ ಓದಿ ಶಹಬ್ಬಾಸ್ ಅಂದುಬಿಡಬಹುದು. ಸಿಎಂಪಿ ಏನೂ ಹೇಳಲಿಲ್ಲ, ಅಂದರೆ ಎರಡೂ ಒಂದೇ. ಹೊಸ ಸಿಡಿಯ ಅಳತೆ 237314048, ಒಂದು ಬೈಟ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಾದಾ ಡಿಡಿಯಲ್ಲಿ ಓದಿದರೂ ಎರರ್ ಇಲ್ಲ, ಮೂಲ ಸಿಡಿಯಲ್ಲಿ ಆಗದ ಕೆಲಸ ಇದು. ಹಳೇ ಮೆಷಿನ್‌ಗೆ ಹಾಕಿದೆ, ಸಿಡಿ ಡ್ರೈವರ್ ಲೋಡ್ ಆಗಿ ಮೆನು ಬಂತು. ಮೂಲವನ್ನು ಕವರಿಗೆ ಹಾಕಿ, ಮೇಲೆ ಮಾರ್ಕರ್‌ನಲ್ಲಿ 115876 ಅಂತ ಬರೆದಿಟ್ಟಿದ್ದೇನೆ.