ಪಂಚಮಿ ಮುಗಿದ ಮೇಲಿನ ಉಂಡೆ ಡಬ್ಬಿ

ದಾವಣಗೆರೆ
ಆಗಸ್ಟ್ 3, 2025, ಭಾನುವಾರ

ನಾಗರ ಪಂಚಮಿ ಮಂಗಳವಾರವೇ ಆಗಿಹೋದರೂ ನಮ್ಮ ಕಡೆ ಹಬ್ಬ ನಿಜವಾಗಿ ಮುಗಿಯುವುದು ಉಂಡೆಯ ಡಬ್ಬಿಗಳು ಬರಿದಾದಾಗ. ಶೇಂಗಾ, ಎಳ್ಳು, ರವೆ, ತಂಬಿಟ್ಟು ಎಂದು ಅವ್ವ ಈ ಸಲವೂ ಯಾವುದನ್ನೂ ಬಿಡಲಿಲ್ಲ. ತವರಿಗೆ ಬಂದಿದ್ದ ಅಕ್ಕನಿಗೆ ಕಟ್ಟಿಕೊಟ್ಟ ಮೇಲೂ ಸಾಕಷ್ಟು ಉಳಿದಿವೆ.

ಅಪ್ಪಾಜಿಗೆ ಸಿಹಿಯೆಂದರೆ ಪ್ರಾಣ. ಆದರೆ ಅವರು ಒಂದು ಉಂಡೆಯನ್ನು ಇಡಿಯಾಗಿ ತಟ್ಟೆಗೆ ಹಾಕಿಕೊಂಡು ತಿಂದದ್ದನ್ನು ನಾನು ಕಂಡಿಲ್ಲ. ನೀರು ಕುಡಿಯಲು ಎದ್ದಾಗ ಒಂದು ಚೂರು, ಪೇಪರ್ ಮಡಿಚಿಟ್ಟ ಮೇಲೆ ಇನ್ನೊಂದು ಚೂರು, ಹೀಗೆ ಇಳಿಹೊತ್ತಿನವರೆಗೂ ಸಾಗುತ್ತದೆ. ಇಂದು ಡಬ್ಬಿ ತೆರೆದರೆ ಶೇಂಗಾ ಉಂಡೆಗಳೆಲ್ಲ ಒಂದು ಮಗ್ಗುಲು ಮುರಿದು, ಗಟ್ಟಿಯಾದ ಬೆಲ್ಲದ ಪಾಕದಲ್ಲಿ ಸಿಕ್ಕಿಕೊಂಡ ಬೇಳೆಗಳು ಹೊರಗೆ ಕಾಣುತ್ತಿದ್ದವು. ಕೇಳಿದರೆ, "ಬರೀ ಚೂರು ತಗಂಡೀನಪ್ಪ, ಉಂಡಿ ಹಂಗೇ ಅದಾವಲ್ಲ" ಎಂದರು.

ಹಲ್ಲಿನ ಮಟ್ಟಿಗೆ ಇಡೀ ಉಂಡೆಗಿಂತ ಈ ಚೂರುಗಳೇ ಹೆಚ್ಚು ಕೆಟ್ಟವು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಕೆಲವೇ ನಿಮಿಷಗಳಲ್ಲಿ ಆಮ್ಲವಾಗಿಸುತ್ತವೆ. ಹಲ್ಲಿನ ಮೇಲಿನ ಪಿಎಚ್ ಮಟ್ಟ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆಯಾದರೂ ಬೇಕು. ಅಷ್ಟರೊಳಗೆ ಮುಂದಿನ ಚೂರು ಬಾಯಿಗೆ ಬಿದ್ದಿರುತ್ತದೆ. ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1945ರ ಬಳಿಕ ನಡೆದ ಪ್ರಯೋಗವೂ ಇದನ್ನೇ ತೋರಿಸಿತ್ತು: ಊಟದ ಜೊತೆ ಕೊಟ್ಟ ಸಕ್ಕರೆಯಿಂದ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ, ಊಟಗಳ ನಡುವೆ ಕೊಟ್ಟ ಅಂಟು ಮಿಠಾಯಿಯಿಂದ ವಿಪರೀತವಾಗಿ ಹೆಚ್ಚಿತು. ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇಲ್ಲದ ಬುದ್ಧಿಮಾಂದ್ಯ ರೋಗಿಗಳ ಹಲ್ಲು ಕೆಡಿಸಿ ಪಡೆದ ತಿಳಿವಳಿಕೆ ಅದು. ಅದನ್ನು ಉಲ್ಲೇಖಿಸುವಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ.

ಬೆಲ್ಲದ್ದಾದರೆ ತೊಂದರೆಯಿಲ್ಲ ಎಂಬುದು ಅವ್ವನ ವಾದ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಸಕ್ಕರೆಯ ಮಿತಿಯಲ್ಲಿ ಬೆಲ್ಲವೂ ಸೇರಿ ಅಡುಗೆಗೆ ನಾವು ಸೇರಿಸುವ ಸಿಹಿಯೆಲ್ಲವೂ ಲೆಕ್ಕಕ್ಕೆ ಬರುತ್ತದೆ. ದಿನದ ಆಹಾರದಿಂದ ಸಿಗುವ ಶಕ್ತಿಯ ಶೇಕಡಾ 10ರೊಳಗೆ, ಸಾಧ್ಯವಾದರೆ 5ರೊಳಗೆ ಅದು ಇರಬೇಕು. ಶೇಕಡಾ 5 ಎಂದರೆ ವಯಸ್ಕರಿಗೆ ಸುಮಾರು 25 ಗ್ರಾಂ, ಆರು ಟೀ ಚಮಚದಷ್ಟು. ಪಂಚಮಿಯ ವಾರದಲ್ಲಿ ಈ ಲೆಕ್ಕವನ್ನು ನಮ್ಮ ಮನೆಯಲ್ಲಿ ಯಾರ ಮುಂದೆಯೂ ಓದಿ ಹೇಳುವಂತಿಲ್ಲ.

ಹಾಗೆಂದು ಸಿಹಿಯ ಆಸೆಯನ್ನೇ ಚಪಲವೆಂದು ಬೈಯುವುದು ನನಗೆ ಸರಿಕಾಣುವುದಿಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಸಿಹಿನೀರು ಸೋಕಿಸಿದರೂ ಅದು ಚಪ್ಪರಿಸುತ್ತದೆ, ಯಾರೂ ಅದಕ್ಕೆ ಕಲಿಸಿರುವುದಿಲ್ಲ. ನಮ್ಮ ಮನೆಯ ಬೆಕ್ಕು ಮಾತ್ರ ಕೆಳಗೆ ಬಿದ್ದ ರವೆ ಉಂಡೆಯನ್ನು ಮೂಸಿ ಹೊರಟುಹೋಗುತ್ತದೆ, ಏಕೆಂದರೆ ಸಿಹಿಯನ್ನು ಗುರುತಿಸಲು ಬೇಕಾದ ಜೀನು ಬೆಕ್ಕುಗಳಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲೇ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಪ್ಪಾಜಿಯದು ಅಂಥ ಸ್ಥಿತಿಯಲ್ಲ.

ಆದ್ದರಿಂದ ಉಂಡೆ ಬೇಡವೆನ್ನದೆ, ಮಧ್ಯಾಹ್ನ ರೊಟ್ಟಿಯೂಟದ ಜೊತೆಗೇ ಒಂದು ಇಡೀ ಉಂಡೆ, ಆಮೇಲೆ ಬಾಯಿ ಮುಕ್ಕಳಿಸುವುದು ಎಂದು ಕೇಳಿಕೊಂಡೆ. ಶೇಂಗಾ ಉಂಡೆಯ ಮಟ್ಟಿಗೆ ಅಪ್ಪಾಜಿ ಒಪ್ಪಿದ್ದಾರೆ. ಎಳ್ಳಿನ ಉಂಡೆಯ ವಿಷಯದಲ್ಲಿ ಮಾತುಕತೆ ಇನ್ನೂ ನಡೆದಿದೆ.