ಸಹಿ ಮಾಡಿದ್ದು ನಾನು

ಊರಲ್ಲಿ ನನಗೊಂದು ನಂಬರಿತ್ತು. ಬೆಳಿಗ್ಗೆ ಹಾಲು ಹಿಡಿದು ಡೈರಿಯ ಸಾಲಿನಲ್ಲಿ ನಿಂತರೆ ಸೆಕ್ರೆಟರಿ ತಲೆ ಎತ್ತದೆಯೇ "ಬಾ 73" ಅನ್ನೋರು. ಅದು ಅಪ್ಪನ ಪಾಸ್‌ಬುಕ್ಕಿನ ಸಂಖ್ಯೆ. ಬೀದಿಯಲ್ಲಿ ನಾನು ಅಣ್ಣನ ತಂಗಿ, ಮನೆಯಲ್ಲಿ 'ಮಗಾ'. ಶಾಲೆಗೆ ಸೇರಿಸುವಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದಿತ್ತು.

2007ರಲ್ಲಿ ಎಂಟನೇ ತರಗತಿಗೆ ನಮ್ಮ ಹೈಸ್ಕೂಲಿಗೆ ಬಂದೆ. ಮನೆಯಿಂದ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ನಾಲ್ಕು ಕಿಲೋಮೀಟರ್ ನಡಿಗೆ. ಆಲೆಮನೆಗಳು ಶುರುವಾದರೆ ದಾರಿಯುದ್ದಕ್ಕೂ ಬೆಲ್ಲದ ವಾಸನೆ, ಶಾಲೆ ಮುಟ್ಟುವಷ್ಟರಲ್ಲಿ ಮತ್ತೆ ಹಸಿವು. ಸರ್ಕಾರ 2006-07ರಿಂದ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ತೊಡಗಿತ್ತು. ನಮ್ಮ ಸರದಿ ಬಂದ ದಿನ ಗುಮಾಸ್ತರು ರಿಜಿಸ್ಟರ್ ನನ್ನ ಕಡೆ ತಿರುಗಿಸಿ "ಸಹಿ ಮಾಡಮ್ಮ" ಅಂದರು. ನನಗೆಲ್ಲಿಯ ಸಹಿ! ಇನಿಷಿಯಲ್ ಸಮೇತ ಪೂರ್ತಿ ಹೆಸರನ್ನು ಒತ್ತು, ದೀರ್ಘ ತಪ್ಪದಂತೆ ದುಂಡಗೆ ಬರೆದೆ. "ಇದು ಸಹಿಯಲ್ಲ ಕಣಮ್ಮ, ಕಾಪಿ ರೈಟಿಂಗು" ಎಂದು ನಕ್ಕರು. ಹಿಂದೆ ನಿಂತವರೂ ನಕ್ಕರು.

ಸೈಕಲ್ ಒಂದು ವಾರ ನನ್ನದಾಗಿತ್ತು. ಆಮೇಲೆ ಅಪ್ಪ ಕ್ಯಾರಿಯರ್‌ಗೆ ಹಾಲಿನ ಕ್ಯಾನು ಕಟ್ಟಿದರು. ಸಂಜೆ ಅಣ್ಣ ಕ್ರಿಕೆಟ್ಟಿಗೆ ಒಯ್ದ. ಹಸಿ ಮೇವು ತುರುಕಿ ತುರುಕಿ ಮುಂದಿನ ಬುಟ್ಟಿ ಸೊಟ್ಟಗಾಯಿತು. ಅಷ್ಟರಲ್ಲಿ ನಾನು ದೊಡ್ಡವಳಾದೆ. ಸೋದರಮಾವ ಸೋಗೆ ತಂದು ಗುಡ್ಲು ಹಾಕಿದ, ಊರ ಹೆಂಗಸರು ಬಂದು ಆರತಿ ಎತ್ತಿದರು. ಅಷ್ಟು ಜನ ಸುತ್ತ ಕೂತಿದ್ದರೂ ನನಗೆ ಅಳು ಯಾಕೆ ಬರುತ್ತಿದೆ ಅಂತ ಯಾರೂ ಕೇಳಲಿಲ್ಲ. ಎಳ್ಳು-ಬೆಲ್ಲದ ಚಿಗಳಿ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮತ್ತೆ ಶಾಲೆಗೆ ಹೊರಟ ದಿನ ಅಜ್ಜಿ ತಡೆದರು: "ದೊಡ್ಡೋಳಾದ್ಮೇಲೂ ಸೈಕಲ್ ತುಳೀತಾರೇನವ್ವಾ? ನಡ್ಕೊಂಡೋಗು." ಅಣ್ಣನಿಗಂತೂ ಅನುಕೂಲವೇ ಆಯಿತು.

ಮೂರು ದಿನ ಸತತ ತಡವಾಯಿತು. ನಾಲ್ಕನೇ ದಿನ ಸಮಾಜ ವಿಜ್ಞಾನದ ಮೇಡಂ ಬಾಗಿಲಲ್ಲೇ ನಿಲ್ಲಿಸಿದರು. ಬೈಸಿಕೊಳ್ಳಲು ಸಿದ್ಧಳಾಗಿ ತಲೆ ತಗ್ಗಿಸಿದ್ದೆ.

"ಸೈಕಲ್ ತಗೊಂಡಾಗ ಸಹಿ ಹಾಕಿದ್ದು ಯಾರು? ನಿಮ್ಮಪ್ಪನಾ, ನಿಮ್ಮಣ್ಣನಾ?"

"ನಾನು ಮಿಸ್."

"ಸರಿ, ಒಳಗೆ ಬಾ" ಎಂದು ಪಾಠ ಮುಂದುವರಿಸಿದರು. ಈ ಬರಹ ಅವರ ಕೈ ಸೇರಿದರೂ ಆ ಮಾತು ಅವರಿಗೆ ನೆನಪಿರಲಿಕ್ಕಿಲ್ಲ. ನನಗೆ ಅವತ್ತಿನ ಪಾಠ ನೆನಪಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆ ತುಂಬ ಹೆಸರು ಬರೆಯುತ್ತಾ ಕೂತಿದ್ದೆ, ಒಂದೊಂದು ಸಲ ಒಂದೊಂದು ಥರ.

ರಾತ್ರಿ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಸೈಕಲ್ಗೆ ಸೈನ್ ಹಾಕಿರೋಳು ನಾನು." ದನಿ ನಡುಗುತ್ತಿತ್ತು. ಅಪ್ಪ ಮುದ್ದೆ ಮುರಿಯುತ್ತಿದ್ದವರು ನಿಲ್ಲಿಸಿದರು.

"ಹಾಲು ಯಾರು ಹಾಕೋರು?"

"ನಾನೇ ಹಾಕ್ಬುಟ್ಟು ಅಂಗೇ ಸ್ಕೂಲ್ಗೋಯ್ತೀನಿ."

ಬಹಳ ಹೊತ್ತಾದ ಮೇಲೆ "ಆಯ್ತು ಬುಡು" ಅಂದರು. ಅಜ್ಜಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಬೆಳಿಗ್ಗೆ ವೇಲನ್ನು ಚೈನಿಗೆ ಸಿಕ್ಕದಂತೆ ಸೊಂಟಕ್ಕೆ ಬಿಗಿದು, ಕ್ಯಾನು ಕಟ್ಟಿಕೊಂಡು ಹೊರಟೆ. ಸೆಕ್ರೆಟರಿ ಮಾಮೂಲಿನಂತೆ "ಬಾ 73" ಅಂದರು. ಅದೇನೂ ಬದಲಾಗಲಿಲ್ಲ, ಈಗಲೂ ಊರಿಗೆ ಹೋದರೆ ಹಾಗೇ ಕರೆಯುತ್ತಾರೆ.

ಆ ಭಾನುವಾರ ಅಣ್ಣ ಬ್ಯಾಟು ಹಿಡಿದು ಸೈಕಲ್ ಪಕ್ಕ ಸುಮ್ಮನೆ ನಿಂತಿದ್ದ. ನಾನು ನೋಡಿದರೂ ನೋಡದವಳ ಹಾಗೆ ಅಂಗಳ ಗುಡಿಸುತ್ತಿದ್ದೆ.

"ತಕಂಡೋಗ್ಲಾ?" ಅಂದ.

"ಆರು ಗಂಟೆಗೆ ತಂದ್ಬುಡ್ಬೇಕು" ಅಂದೆ.