ಐವತ್ತೊಂದಕ್ಕೆ ಹಿಡಿದ ಏಜೆನ್ಸಿ

ದಾವಣಗೆರೆಯಲ್ಲಿ ವಿಮಾ ಏಜೆಂಟರಿಗೆ ಬರವಿಲ್ಲ. ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ನಾನು ಆ ಸಾಲಿಗೆ ಸೇರಿದ್ದು ಐವತ್ತೊಂದನೇ ವಯಸ್ಸಿನಲ್ಲಿ, ಮಗಳ ಮದುವೆ ಸಾಲ ತೀರಿದ ಮೇಲೆ. ಅಲ್ಲಿಯವರೆಗೆ ಯಾವ ಅರ್ಜಿಯಲ್ಲಿ ಉದ್ಯೋಗ ಕೇಳಿದರೂ ‘ಗೃಹಿಣಿ’ ಅಂತ ಬರೆಯುತ್ತಿದ್ದೆ. "ಈ ವಯಸ್ಸಲ್ಲಿ ಯಾಕ್ರೀ ಈ ಅಲೆದಾಟ" ಅಂದವರೇ ಜಾಸ್ತಿ. ಹಾಗಂದವರಲ್ಲಿ ಹೆಂಗಸರೇ ಹೆಚ್ಚು, ಅದನ್ನೂ ಹೇಳಿಬಿಡುತ್ತೇನೆ.

ಏಜೆಂಟ್ ಆಗಲು ಬರೆಯಬೇಕಾದ ಪರೀಕ್ಷೆ ಹೆದರಿದಷ್ಟು ಕಷ್ಟ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಕೂರಬಹುದು. 25 ಗಂಟೆ ತರಬೇತಿ, ಆಮೇಲೆ ಕಂಪ್ಯೂಟರಿನಲ್ಲಿ 50 ಪ್ರಶ್ನೆ, ಕನ್ನಡದಲ್ಲೇ. ನೂರಕ್ಕೆ 35 ಬಂದರೆ ಪಾಸು. ನನ್ನನ್ನು ಕಾಡಿದ್ದು ಮೌಸು. ಪಕ್ಕದ ಮನೆ ಹುಡುಗ ಒಂದು ಭಾನುವಾರ ಕೂತು ಕಲಿಸಿದ.

ಮಾತಿನ ಚಾಳಿ ಬಿಡೋದೇ ಕಷ್ಟವಾಯಿತು. ನನ್ನ ಬಾಯಲ್ಲಿ ಮೊದಲು ಬರುತ್ತಿದ್ದದ್ದು "ನಂಗಷ್ಟು ಗೊತ್ತಾಗಲ್ಲ". ಬ್ಯಾಂಕಿನಲ್ಲಿ, ಮಗಳ ಕಾಲೇಜಿನಲ್ಲಿ, ಎಲ್ಲ ಕಡೆ ಮಾತು ಶುರುವಾಗುತ್ತಿದ್ದದ್ದೇ ಹೀಗೆ. ಗ್ರಾಹಕರ ಮುಂದೆ ಹಾಗಂದರೆ ಅವರು ಮೊಬೈಲ್ ತೆಗೆದು ನೋಡುತ್ತಾ ಕೂರುತ್ತಾರೆ. ಏಜೆಂಟರನ್ನು ಸೇರಿಸಿ ಕೆಲಸ ಕಲಿಸುವ ನಮ್ಮ ಡೆವಲಪ್‌ಮೆಂಟ್ ಆಫೀಸರ್ ಹೇಳಿಕೊಟ್ಟ ಉಪಾಯ ಸುಲಭದ್ದು. "ಕೇಳಿಕೊಂಡು ನಾಳೆ ಹೇಳ್ತೀನಿ ಅನ್ನಿ ಅಮ್ಮಾ. ನಾಳೆ ಮರೀದೆ ಹೇಳಿ." ಅಷ್ಟೇ. ನಾಳೆ ಹೇಳುವ ಏಜೆಂಟರು ಕಡಿಮೆ ಅಂತ ಆಮೇಲೆ ಗೊತ್ತಾಯಿತು.

ನನಗಿಂತ ಚಿಕ್ಕವರು ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಚಾರ್ಟ್ ತೋರಿಸುತ್ತಿದ್ದರು. ನನ್ನ ಹತ್ತಿರ ಅದಿರಲಿಲ್ಲ. ಆದರೆ ಯಾರ ಮನೆಗೆ ಯಾವ ತಿಂಗಳು ದುಡ್ಡು ಬರುತ್ತದೆ, ಯಾವ ತಿಂಗಳು ಸಾಸಿವೆ ಡಬ್ಬಿ ಖಾಲಿಯಾಗುತ್ತದೆ ಅಂತ ಗೊತ್ತಿತ್ತು. ಮೂವತ್ತು ವರ್ಷ ಮನೆ ತೂಗಿಸಿದವಳಿಗೆ ಇದು ಗೊತ್ತಿರದೆ ಇರುತ್ತದೆಯೇ? ಮೆಕ್ಕೆಜೋಳದವರ ಕೈಗೆ ದುಡ್ಡು ಬರೋದು ದೀಪಾವಳಿ ಆಸುಪಾಸು, ಎಪಿಎಂಸಿಗೆ ಮಾಲು ಹಾಕಿದ ಮೇಲೆ. ಭದ್ರಾ ನಾಲೆ ನೀರಿನ ಭತ್ತದವರ ಲೆಕ್ಕ ಬೇರೆ. ಮಂಡಕ್ಕಿ ಭಟ್ಟಿಯವರಿಗೆ ವಾರದ ಬಟವಾಡೆ. ಜೂನ್ ತಿಂಗಳಲ್ಲಂತೂ ಯಾರ ಮನೆ ಬಾಗಿಲನ್ನೂ ತಟ್ಟಬಾರದು, ಸ್ಕೂಲ್ ಫೀಸು.

ಹಾಗಾಗಿ ಜೋಳದವರಿಗೆ ವರ್ಷದ ಕಂತು, ಡಿಸೆಂಬರಿಗೆ ಬೀಳುವ ಹಾಗೆ. ಭಟ್ಟಿಯವರಿಗೆ ತಿಂಗಳ ಕಂತು. ಕಟ್ಟುವ ದಿನ ದಾಟಿದರೆ ತಿಂಗಳ ಕಂತಿಗೆ 15 ದಿನ, ವರ್ಷದ ಕಂತಿಗೆ 30 ದಿನ ಗಡುವಿದೆ ಅಂತ ಚೀಟಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ ಬರುತ್ತಿದ್ದೆ. ನನ್ನ ಪಾಲಿಸಿಗಳು ಲ್ಯಾಪ್ಸ್ ಆಗಿದ್ದು, ಅಂದರೆ ಕಂತು ಕಟ್ಟದೆ ನಿಂತುಹೋಗಿದ್ದು, ಕಡಿಮೆ. ಇದಕ್ಕೆ ಚಾರ್ಟ್ ಬೇಕಿರಲಿಲ್ಲ.

ಇಷ್ಟಾದರೂ ಯಾರಾದರೂ ಗಟ್ಟಿ ದನಿಯಲ್ಲಿ ಮಾತಾಡಿದರೆ ನಾನು ಕುಗ್ಗುತ್ತಿದ್ದೆ. ಅದು ಹೋಗಿದ್ದು ಒಂದು ಡೆತ್ ಕ್ಲೇಮ್ ಓಡಾಟದಲ್ಲಿ. ಭಟ್ಟಿ ಕೆಲಸದವರೊಬ್ಬರು ತೀರಿಕೊಂಡರು. ಪಾಲಿಸಿ ಬೇರೆ ಯಾರೋ ಮಾಡಿಸಿದ್ದು, ಮದುವೆಗೂ ಮುಂಚೆ. ನಾಮಿನಿ, ಅಂದರೆ ತೀರಿಕೊಂಡ ಮೇಲೆ ದುಡ್ಡು ಪಡೆಯುವವರು, ಅಂತ ಇದ್ದದ್ದು ಅವರ ತಾಯಿ ಹೆಸರು. ತಾಯಿ ಆಗಲೇ ಹೋಗಿದ್ದರು. ಮದುವೆಯಾದರೆ ನಾಮಿನಿ ತಾನೇ ಬದಲಾಗುವುದಿಲ್ಲ, ನಾವೇ ಅರ್ಜಿ ಕೊಡಬೇಕು. ಆ ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ತಾನೇ ವಾರಸುದಾರಳು ಅಂತ ತೋರಿಸಬೇಕಾಗಿ ಬಂತು. ಇಬ್ಬರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮೂಲ ಬಾಂಡು (ಪಾಲಿಸಿ ಪತ್ರ), ಪಾಸ್‌ಬುಕ್, ಆಧಾರ್.

ನನಗೆ ಒಂದು ರೂಪಾಯಿ ಕಮಿಷನ್ ಇಲ್ಲದ ಕೆಲಸ. ಸುಮ್ನೆ ಜೊತೆಗೆ ಹೋದೆ. ಒಂದು ಕಚೇರಿಯಲ್ಲಿ "ಮುಂದಿನ ವಾರ ಬನ್ನಿ" ಅಂದರು. ಮುಂದಿನ ವಾರವೂ ಅದೇ ಮಾತು. ಆಗ ನಾನು "ಏನು ಕಡಿಮೆ ಇದೆ ಅಂತ ಈ ಹಾಳೆ ಮೇಲೆ ಬರೆದುಕೊಡಿ ಸಾರ್, ಅದನ್ನೇ ತರ್ತೀವಿ" ಅಂದೆ. ದನಿ ಏರಿಸಲಿಲ್ಲ, ‘ತಪ್ಪು ತಿಳ್ಕೋಬೇಡಿ’ ಅಂತಲೂ ಸೇರಿಸಲಿಲ್ಲ. ಅವರು ಬರೆದುಕೊಟ್ಟರು. ಕಡಿಮೆ ಇದ್ದದ್ದು ಒಂದೇ ಕಾಗದ!

ನನ್ನದೇ ಕೆಲಸವಾಗಿದ್ದರೆ ಇನ್ನೂ ನಾಲ್ಕು ಸಲ ಹೋಗಿ ಬರುತ್ತಿದ್ದೆನೇನೋ. ಇನ್ನೊಬ್ಬರಿಗಾಗಿ ಕೇಳುವಾಗ ನಾಚಿಕೆ ಅಡ್ಡ ಬರಲಿಲ್ಲ. ಹಾಗೆ ಕೇಳಿ ಕೇಳಿ ನನಗಾಗಿಯೂ ಕೇಳೋದು ರೂಢಿಯಾಯಿತು. ಆ ದುಡ್ಡು ಆ ಹೆಂಗಸಿನ ಖಾತೆಗೆ ಬಂದ ಮೇಲೆ ಭಟ್ಟಿ ಸಾಲಿನವರೇ "ಅಕ್ಕಾ, ನಮ್ಮ ಬಾಂಡ್ ಸ್ವಲ್ಪ ನೋಡಿ" ಅಂತ ಕರೆಯತೊಡಗಿದರು. ಈಗ ಯಾವ ಮನೆಗೆ ಹೋದರೂ ಮೊದಲು ನೋಡೋದು ನಾಮಿನಿ ಹೆಸರು, ಹೊಸ ಪಾಲಿಸಿ ಮಾತು ಆಮೇಲೆ.

ಈಚೆಗೆ ನನ್ನ ವಯಸ್ಸಿನ ಹೆಂಗಸರು ಬಿಮಾ ಸಖಿ ಬಗ್ಗೆ ಕೇಳುತ್ತಿರುತ್ತಾರೆ. 2024ರ ಡಿಸೆಂಬರ್ 9ರಂದು ಶುರುವಾದ ಎಲ್‌ಐಸಿ ಯೋಜನೆ ಅದು. 18ರಿಂದ 70 ವರ್ಷದವರೆಗಿನ, ಹತ್ತನೇ ತರಗತಿ ಪಾಸಾದ ಹೆಂಗಸರಿಗೆ. ಎಪ್ಪತ್ತು ಅಂತ ಓದಿದಾಗ ನನಗೇ ಖುಷಿಯಾಯಿತು. ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್, ಕಮಿಷನ್ ಬೇರೆ. ಆದರೆ ಷರತ್ತು ಓದಿಕೊಳ್ಳಿ. ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ನೂರಕ್ಕೆ 65 ಆದರೂ ಚಾಲ್ತಿಯಲ್ಲಿ ಇದ್ದರೆ ಮಾತ್ರ ಎರಡನೇ ವರ್ಷದ ಸ್ಟೈಪೆಂಡ್.

ಅದಕ್ಕೇ ಅವರಿಗೆ ಹೇಳುತ್ತೇನೆ, ನಾದಿನಿ, ಓರಗಿತ್ತಿ, ಬೀಗರಿಂದ ಶುರು ಮಾಡಬೇಡಿ ಅಂತ. ದಾಕ್ಷಿಣ್ಯಕ್ಕೆ ಒಂದು ಕಂತು ಕಟ್ಟುತ್ತಾರೆ, ಎರಡನೆಯದಕ್ಕೆ ಫೋನ್ ಎತ್ತುವುದಿಲ್ಲ. ಸ್ವಸಹಾಯ ಸಂಘದಲ್ಲಿ ವಾರವಾರ ಉಳಿತಾಯ ಕಟ್ಟುವವರ ಹತ್ತಿರ ಹೋಗಿ. ಕಂತು ತಪ್ಪಿಸದೆ ಕಟ್ಟುವ ಅಭ್ಯಾಸ ಅವರಿಗೆ ಆಗಲೇ ಇದೆ.